ಕಡಿಮೆ ದುಡ್ಡಿನ ದೆವ್ವ: ಹಾರರ್ ಕಾಮಿಡಿ ಹಿಡಿಸೋದು ಯಾಕೆ, ಕಟ್ಟೋದು ಹೇಗೆ?

ತೆರೆಮರೆ

ದೊಡ್ಡ ಬಜೆಟ್ಟಿನ ದೆವ್ವದ ಸಿನಿಮಾ ನೋಡಿ ಬಂದವರು "ಗ್ರಾಫಿಕ್ಸ್ ಚೆನ್ನಾಗಿತ್ತು" ಅಂತ ಹೇಳಿ ಸುಮ್ಮನಾಗ್ತಾರೆ. ಕಡಿಮೆ ದುಡ್ಡಿನ ಹಾರರ್ ಕಾಮಿಡಿ ನೋಡಿ ಬಂದವರು ಎದ್ದು ನಿಂತು, ಕೈಕಾಲು ಆಡಿಸಿ, ಆ ಸೀನನ್ನೇ ಮಾಡಿ ತೋರಿಸ್ತಾರೆ. ಮಾಡಿ ತೋರಿಸೋಕೆ ಆಗುತ್ತೆ, ಯಾಕಂದ್ರೆ ಅಲ್ಲಿ ನಡೆದದ್ದೆಲ್ಲ ಒಬ್ಬ ಮನುಷ್ಯನ ಮೈಯಿಂದ, ಒಂದು ದಾರದಿಂದ, ಒಂದು ಹಲಗೆಯಿಂದ ಆದದ್ದು. ಈ ಬಗೆಯ ಸಿನಿಮಾದ ಮೋಡಿ ಅಲ್ಲೇ ಇದೆ ಅನ್ನೋದು ನನ್ನ ವಾದ.

ಪಾಠಕ್ಕೆ ಇಟ್ಟುಕೊಳ್ಳೋಕೆ 1981ರ 'ದಿ ಈವಿಲ್ ಡೆಡ್' ಒಳ್ಳೇ ಉದಾಹರಣೆ. ಅದರ ನಿರ್ದೇಶಕ ಸ್ಯಾಮ್ ರೈಮಿ ಮತ್ತು ಗೆಳೆಯರು 1978ರಲ್ಲಿ ಸುಮಾರು 1,600 ಡಾಲರ್ ಖರ್ಚಲ್ಲಿ ಅರ್ಧ ಗಂಟೆಯ ಕಿರುಚಿತ್ರ ಮಾಡಿ, ಅದನ್ನ ತೋರಿಸಿ ದುಡ್ಡು ಹಾಕೋರನ್ನ ಹುಡುಕಿದ್ರು. ಆಮೇಲೆ ಅಮೆರಿಕದ ಟೆನೆಸ್ಸಿಯ ಮಾರಿಸ್‌ಟೌನ್ ಹತ್ತಿರ, ಕಾಡಿನ ನಡುವಿನ ಒಂದು ಹಳೇ ಮನೆಯಲ್ಲಿ 16 ಎಂಎಂ ಫಿಲ್ಮಿನಲ್ಲಿ ತೆಗೆದು, 35 ಎಂಎಂಗೆ ದೊಡ್ಡದು ಮಾಡಿಸಿದ್ರು. ಒಟ್ಟು ಖರ್ಚು 4 ಲಕ್ಷ ಡಾಲರ್ ಒಳಗೆ. ಅದರಲ್ಲಿ ಭಯವೇ ಜಾಸ್ತಿ. 1987ರ ಎರಡನೇ ಭಾಗದಲ್ಲಿ ಅದೇ ಕಾಡು, ಅದೇ ಥರದ ಮನೆ, ಆದ್ರೆ ಬೇಕಂತಲೇ ನಗಿಸ್ತಾರೆ. ಬ್ರೂಸ್ ಕ್ಯಾಂಪ್‌ಬೆಲ್‌ನ ಪಾತ್ರದ ಕೈಗೇ ದೆವ್ವ ಹಿಡಿಯುತ್ತೆ, ಆ ಕೈ ಅಡುಗೆಮನೆಯ ತಟ್ಟೆಗಳನ್ನ ಒಂದೊಂದಾಗಿ ಅವನ ತಲೆ ಮೇಲೇ ಒಡೆಯುತ್ತೆ. ಇಡೀ ದೃಶ್ಯ ನಿಂತಿರೋದು ಆ ನಟ ತನ್ನ ಕೈ ತನ್ನದಲ್ಲ ಅನ್ನೋ ಹಾಗೆ ಮೈ ಬಳಸಿದ್ದರ ಮೇಲೆ. ಭುಜ ಒಂದು ಕಡೆ ಎಳೀತಿದ್ರೆ ಸೊಂಟ ಇನ್ನೊಂದು ಕಡೆ. ಹೆದರಿಕೆ, ನಗು ಎರಡೂ ಒಂದೇ ಕ್ಷಣಕ್ಕೆ ಬರುತ್ತೆ.

ಕಿರುಚಿತ್ರ ಮಾಡೋಕೆ ಹೊರಟಿರೋರಿಗೆ ಉಪಯೋಗ ಆಗೋ ಹಾಗೆ, ರಕ್ತ, ಬೆಳಕು, ಕ್ಯಾಮೆರಾ, ಶಬ್ದ, ಎಡಿಟಿಂಗು ಎಲ್ಲದರ ಲೆಕ್ಕ ಇಲ್ಲಿ ಬರೀರಿ. ಅಳತೆ ಸಮೇತ ಬರೆದ್ರೆ ಒಳ್ಳೇದು.

ಬಣ್ಣದಡಬ್ಬಿ

ರಕ್ತದಿಂದ ಶುರು ಮಾಡ್ತೀನಿ.

ರೈಮಿ ತಂಡ ಬಳಸಿದ್ದು ಜೋಳದ ಸಿರಪ್ಪು, ಕೆಂಪು ಫುಡ್ ಕಲರ್, ಜೊತೆಗೆ ಕಾಫಿಗೆ ಹಾಕೋ ಕ್ರೀಮರ್ ಪುಡಿ. ಆ ಪುಡಿ ಯಾಕೆ ಅನ್ನೋದು ಮುಖ್ಯ. ಬರೀ ಸಿರಪ್ಪಿಗೆ ಬಣ್ಣ ಹಾಕಿದ್ರೆ ಬೆಳಕು ಅದರೊಳಗೆ ತೂರಿ ಹೋಗುತ್ತೆ, ತೆರೆ ಮೇಲೆ ಶರಬತ್ತಿನ ಹಾಗೆ ಕಾಣುತ್ತೆ. ನಿಜವಾದ ರಕ್ತದ ಮೂಲಕ ಆಚೆ ಬದಿ ಕಾಣಲ್ಲ. ಪುಡಿ ಬಿದ್ದ ಮೇಲೆ ಸಿರಪ್ಪಿಗೂ ಆ ಗುಣ ಬರುತ್ತೆ.

ನಮ್ಮಲ್ಲಿ ಜೋಳದ ಸಿರಪ್ಪಿನ ಬದಲು ಲಿಕ್ವಿಡ್ ಗ್ಲೂಕೋಸ್ ತಗೊಳ್ಳಿ. ಕೇಕ್ ಸಾಮಾನು ಮಾರೋ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತೆ. ಅರ್ಧ ಕೆಜಿಗೆ ಲೆಕ್ಕ: 100 ಎಂಎಲ್ ಬಿಸಿನೀರಲ್ಲಿ 2 ಟೀ ಚಮಚ ಕೋಕೋ ಪುಡಿ ಗಂಟಿಲ್ಲದ ಹಾಗೆ ಕಲಸಿ. ಕ್ರೀಮರ್ ಪುಡಿಯ ಕೆಲಸವನ್ನ ಇಲ್ಲಿ ಕೋಕೋ ಮಾಡುತ್ತೆ. ಕೋಕೋ ಮೊದಲು, ಗ್ಲೂಕೋಸ್ ಆಮೇಲೆ. ತಿರುವು ಮುರುವು ಮಾಡಿದ್ರೆ ಗಂಟು ಒಡೆಯೋದೇ ಇಲ್ಲ. ಗ್ಲೂಕೋಸ್ ಸೇರಿಸಿ ತಿರುವಿದ ಮೇಲೆ ಕೆಂಪು ಜೆಲ್ ಕಲರ್ ಒಂದು ಟೀ ಚಮಚ, ನೀಲಿ ಬಣ್ಣ ಕಡ್ಡಿತುದಿಯಷ್ಟು. ನೀಲಿ ಇಲ್ಲದಿದ್ರೆ ಗುಲಾಬಿ ಹೊಡೆಯುತ್ತೆ, ಜಾಸ್ತಿ ಆದ್ರೆ ನೇರಳೆ ಆಗುತ್ತೆ, ಅದನ್ನ ವಾಪಸ್ ತರೋಕೆ ಆಗಲ್ಲ. ಬಿಳಿ ಬಟ್ಟೆ ಮೇಲೆ ಒಂದು ಹನಿ ಹಾಕಿ, ಶೂಟಿಂಗ್ ದಿನ ಇರೋ ಲೈಟಿನಲ್ಲೇ, ಅದೇ ಕ್ಯಾಮೆರಾದಲ್ಲೇ ನೋಡಿ. ಹಳದಿ ಬಲ್ಬಿನಡಿ ಸರಿಯಾಗಿ ಕಂಡ ರಕ್ತ, ರಾತ್ರಿಗೆ ಅಂತ ನೀಲಿ ಲೈಟ್ ಹಾಕಿದಾಗ ಮಸಿ ಥರ ಕಪ್ಪಾಗುತ್ತೆ. ಅಂಥ ಸೀನಿಗೆ ಕೋಕೋ ಅರ್ಧಕ್ಕೆ ಇಳಿಸಿ, ಕೆಂಪು ಹೆಚ್ಚಿಸಿ.

ಕಾಮಿಡಿಗೆ ಬೇರೆಯದೇ ಅಳತೆ ಬೇಕು. ಹೆದರಿಸೋ ರಕ್ತ ಸ್ವಲ್ಪ, ನಿಧಾನ, ಗಟ್ಟಿ. ನಗಿಸೋ ರಕ್ತ ವಿಪರೀತ, ಜೋರು, ತೆಳು. ಸಣ್ಣ ಗಾಯದಿಂದ ಒಂದು ಬಕೆಟ್ ರಕ್ತ ಚಿಮ್ಮಿದಾಗ ಜನ ನಗ್ತಾರೆ, ಆದ್ರೆ ಗಟ್ಟಿ ಸಿರಪ್ಪು ಪೈಪಿನಲ್ಲಿ ಚಿಮ್ಮಲ್ಲ, ಸೋರುತ್ತೆ ಅಷ್ಟೆ. ಚಿಮ್ಮಿಸೋಕೆ ಮೇಲಿನ ಮಿಶ್ರಣದ ಒಂದು ಪಾಲಿಗೆ ಎರಡು ಪಾಲು ನೀರು ಹಾಕಿ, ಬಣ್ಣ ಮತ್ತೆ ಸರಿ ಮಾಡಿಕೊಳ್ಳಿ, ಬಟ್ಟೆಯಲ್ಲಿ ಸೋಸಿ. ಗಿಡಕ್ಕೆ ಔಷಧಿ ಹೊಡೆಯೋ ಕೈಪಂಪು ಸಾಕು, ಆದ್ರೆ ಹೊಸದನ್ನೇ ತನ್ನಿ. ಔಷಧಿ ಹೊಡೆದಿದ್ದನ್ನ ತೊಳೆದು ಬಳಸೋದು ಬೇಡವೇ ಬೇಡ.

ಹೊಸಬ_ಹಾಸನ

ಮೇಡಂ, ಬಾಯಿಂದ ರಕ್ತ ಬರೋ ಸೀನಿಗೂ ಇದೇ ಆಗುತ್ತಾ? ಮತ್ತೆ ಬಟ್ಟೆ ಕಲೆ ಹೋಗುತ್ತಾ? ನಮ್ಮ ಕಥೆಯಲ್ಲಿ ರೇಷ್ಮೆ ಸೀರೆ ಇದೆ.

ಬಣ್ಣದಡಬ್ಬಿ

ಬಾಯಿಗೆ ಇದೇ ಆಗುತ್ತೆ, ಎಲ್ಲಾ ತಿನ್ನೋ ಪದಾರ್ಥವೇ. ಬಟ್ಟೆ ಮೇಲೆ ಚೆನ್ನಾಗಿ ಹರಿದು, ಆಮೇಲೆ ಸುಲಭವಾಗಿ ತೊಳೆದುಹೋಗಲಿ ಅಂತ ಕೆಲವರು ಪಾತ್ರೆ ತೊಳೆಯೋ ಲಿಕ್ವಿಡ್ ಸೇರಿಸ್ತಾರೆ. ಅದನ್ನ ಬೇರೆ ಬಾಟಲಿಯಲ್ಲಿ ಮಾಡಿ, ಮೇಲೆ ದೊಡ್ಡದಾಗಿ "ಬಾಯಿಗೆ ಬೇಡ" ಅಂತ ಬರೆದು ಅಂಟಿಸಿ. ರಾತ್ರಿ ಮೂರು ಗಂಟೆಗೆ ಎರಡು ಕೆಂಪು ಬಾಟಲಿ ನೋಡಿ ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ.

ರೇಷ್ಮೆ ಸೀರೆ ಮೇಲೆ ಒಂದು ಹನಿಯೂ ಬೀಳಬಾರದು. ಫುಡ್ ಕಲರ್ ರೇಷ್ಮೆ, ಉಣ್ಣೆ, ನೈಲಾನಿಗೆ ಕಚ್ಚಿಕೊಳ್ಳುತ್ತೆ, ಹೋಗಲ್ಲ. ಹತ್ತಿ ಬಟ್ಟೆಯಿಂದ ಬಹುಪಾಲು ಹೋಗುತ್ತೆ, ತಕ್ಷಣ ತಣ್ಣೀರಲ್ಲಿ ಅದ್ದಿದ್ರೆ. ಬಿಸಿನೀರು, ಇಸ್ತ್ರಿ ಎರಡೂ ಕಲೆಯನ್ನ ಗಟ್ಟಿ ಮಾಡುತ್ತವೆ. ರೇಷ್ಮೆ ಥರ ಕಾಣೋ ಪಾಲಿಯೆಸ್ಟರ್ ಸೀರೆ ತಗೊಳ್ಳಿ, ಒಂದೇ ಬಣ್ಣದ್ದು ಎರಡು. ರಕ್ತ ಬೀಳೋ ಅಂಗಿ ಆದ್ರೆ ಒಂದೇ ಥರದ್ದು ಮೂರು: ಒಂದು ಶುಭ್ರ, ಒಂದು ಕಲೆಯಾದದ್ದು, ಒಂದು ರೀಟೇಕಿಗೆ.

ಚರ್ಮಕ್ಕೂ ಒಂದು ದಿನ ಬಣ್ಣ ನಿಲ್ಲುತ್ತೆ. ಮೊದಲೇ ತೆಳುವಾಗಿ ಕೊಬ್ಬರಿ ಎಣ್ಣೆ ಹಚ್ಚಿದ್ರೆ ಬೇಗ ಬಿಡುತ್ತೆ. ನೆಲದ ವಿಷಯ ಎಲ್ಲರೂ ಮರೀತಾರೆ. ಗ್ಲೂಕೋಸು ಮೊದಲ ಹತ್ತು ನಿಮಿಷ ಜಾರುತ್ತೆ, ಆಮೇಲೆ ಅಂಟುತ್ತೆ, ಬೆಳಗಾಗೋದರೊಳಗೆ ಇರುವೆ ಸಾಲು. ಓಡೋ ಸೀನು ಇದ್ರೆ ರಕ್ತ ಚೆಲ್ಲೋಕೆ ಮೊದಲೇ ಅದನ್ನ ಮುಗಿಸಿಬಿಡಿ.

ಕಡಲತಡಿ

ಓಕುಳಿ ಯಾಕೆ ಬಿಟ್ಟಿರಿ ಮಾರಾಯ್ರೆ? ಅರಿಶಿನ ನೀರಿಗೆ ವೀಳ್ಯದ ಸುಣ್ಣ ಹಾಕಿದ್ರೆ ಆರತಿಗೆ ಮಾಡುವ ಕೆಂಪು ನೀರು ಆಗ್ತದಲ್ಲ, ಅದು. ಹತ್ತಿರದ ಶಾಟಿಗೆ ರಕ್ತ ಅಂತ ಆಗುವುದಿಲ್ಲ, ತೀರಾ ನೀರು, ಬಣ್ಣವೂ ಸ್ವಲ್ಪ ಕಿತ್ತಳೆಗೆ ಹೋಗ್ತದೆ. ಆದ್ರೆ ಮಂತ್ರವಾದಿಯ ಸೀನಿಗೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ. ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಅರಿಶಿನ, ಕಡಲೆಕಾಳಿನಷ್ಟು ಸುಣ್ಣ. ಕೆಂಪಾಯ್ತಾ? ಅದಕ್ಕೆ ಅರ್ಧ ಲಿಂಬೆ ಹಿಂಡಿ. ಕ್ಯಾಮೆರಾದ ಎದುರೇ, ಕಟ್ ಇಲ್ಲದೆ, ಕೆಂಪು ಹೋಗಿ ಹಳದಿ ಬರ್ತದೆ. ಸುಣ್ಣದ ಕ್ಷಾರಕ್ಕೆ ಅರಿಶಿನ ಕೆಂಪಾದದ್ದು, ಲಿಂಬೆಯ ಹುಳಿ ಅದನ್ನು ವಾಪಸ್ ತರ್ತದೆ, ಅಷ್ಟೇ ವಿದ್ಯೆ. ಸುಣ್ಣ ಜಾಸ್ತಿ ಹಾಕಿದ್ರೆ ಮೂರು ಲಿಂಬೆ ಹಿಂಡಿದ್ರೂ ತಿರುಗುವುದಿಲ್ಲ, ಅದಕ್ಕೇ ಕಡಲೆಕಾಳು ಅಂದದ್ದು. ಮಂತ್ರವಾದಿಗೆ ಗೊತ್ತಿಲ್ಲದೆ ಪಕ್ಕದವ ಲಿಂಬೆ ಶರಬತ್ತು ಚೆಲ್ಲಿ ದೆವ್ವ ಬಿಟ್ಟುಹೋದ ಹಾಗೆ ಬರೆದ್ರೆ ಕಾಮಿಡಿಯೂ ಆಯ್ತು. ಸುಣ್ಣ ಇರುವ ಕಾರಣ ಕಣ್ಣಿನ ಹತ್ತಿರ, ಬಾಯಿಗೆ ಖಂಡಿತ ಬೇಡ.

ಮುಖದ ಬಣ್ಣಕ್ಕೆ ಯಕ್ಷಗಾನದ ಚೌಕಿ, ಅಂದ್ರೆ ವೇಷ ಕಟ್ಟುವ ಜಾಗ ನೋಡಿ. ಸಫೇದದ ಪುಡಿಯನ್ನು ತೆಂಗಿನೆಣ್ಣೆಯಲ್ಲಿ ಕಲಸಿ ಹಚ್ಚುವ ಬಿಳಿ ಬೆವರಿಗೆ ಬೇಗ ಹೋಗುವುದಿಲ್ಲ. ರಾಕ್ಷಸ ವೇಷದವರು ಅಕ್ಕಿಹಿಟ್ಟು, ಸುಣ್ಣ ಸೇರಿಸಿ ಮುಖದ ಮೇಲೆ ಚುಕ್ಕಿ ಚುಕ್ಕಿಯಾಗಿ ಎಬ್ಬಿಸುವ ಚಿಟ್ಟಿ ಉಂಟಲ್ಲ, ಅದು ನಮ್ಮದೇ ಪ್ರಾಸ್ಥೆಟಿಕ್ಸ್ (ಮುಖದ ಆಕಾರವನ್ನೇ ಬದಲಿಸುವ ಮೇಕಪ್). ಗಂಟೆಗಟ್ಟಲೆ ಹಿಡಿಯುವ ಕೆಲಸ, ಹಾಗಾಗಿ ಅದಿರುವ ಸೀನುಗಳನ್ನೆಲ್ಲ ಒಂದೇ ರಾತ್ರಿಗೆ ಹಾಕಿಕೊಳ್ಳಬೇಕು.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕರಾವಳಿಯಲ್ಲಿ ಕಥೆ ಇಡುವವರು ದೈವವನ್ನೂ ದೆವ್ವವನ್ನೂ ಒಂದೇ ಮಾಡಬೇಡಿ. ದೈವ ಅಂದ್ರೆ ನಂಬಿಕೆ, ಆರಾಧನೆ. ಅದರ ವೇಷ, ಅದರ ನುಡಿ ನಗಿಸ್ಲಿಕ್ಕೆ ಇರುವ ಸಾಮಾನಲ್ಲ. 2025ರ ಜುಲೈಯಲ್ಲಿ ಬಂದ ಜೆ.ಪಿ. ತುಮಿನಾಡ್ ಅವರ ಕನ್ನಡ ಸಿನಿಮಾ 'ಸು ಫ್ರಮ್ ಸೋ' ನೋಡಿ. ಹುಡುಗನ ಮೈಮೇಲೆ ಬಂದದ್ದು ಸೋಮೇಶ್ವರದ ಸುಲೋಚನ ಅಂತ ಊರೇ ನಂಬ್ತದೆ, ನಗು ಬರುವುದು ಊರವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಮಾತಿನಿಂದ, ಅವರ ಹೆದರಿಕೆಯಿಂದ. ನಾಟಕದಲ್ಲಿ ಪಳಗಿದವರು ಇದ್ರೆ ಮೈಮೇಲೆ ಬಂದದ್ದನ್ನು ತೋರಿಸ್ಲಿಕ್ಕೆ ಸ್ವರ ಮತ್ತು ಕತ್ತಿನ ತಿರುವು ಸಾಕು. ಅದಕ್ಕೆ ದುಡ್ಡು ಬೇಡ, ಅಭ್ಯಾಸ ಬೇಕು.

ಹುಬ್ಬಳ್ಳಿ_ಬೆಳಕು

ಬೆಳಕಿನ ಬಗ್ಗೆ ಇನ್ನೂ ಯಾರೂ ಹೇಳಿಲ್ಲಲ್ರೀ. ನಾ ಹೇಳ್ತೀನಿ.

ಕತ್ತಲಿ ಅಂದ್ರ ಲೈಟ್ ಆರ್ಸೂದಲ್ಲ. ಎಲ್ಲಾ ಆರ್ಸಿ ಶೂಟ್ ಮಾಡಿದ್ರ ಕ್ಯಾಮೆರಾ ತಾನ ಐಎಸ್‌ಒ (ಬೆಳಕು ಹಿಡಿಯೂ ಸೂಕ್ಷ್ಮತೆ) ಏರಿಸಿ ಚಿತ್ರದ ತುಂಬ ಕಾಳು ಕಾಳು ಬರ್ತಾವ. ಮನಿ ಹಿಂದಿನ ಕಿಟಕಿ ಹೊರಗ ಒಂದು ಗಟ್ಟಿ ಲೈಟ್ ಇಡ್ರಿ, ಒಳಗ ಮಂದ್ ಬಲ್ಬ್ ಒಂದ ಸಾಕು. ನಟನ ಅಂಚು ಬೆಳಗಬೇಕು, ಮುಖ ಅರ್ಧ ಕತ್ತಲ್ಯಾಗ ಇರಬೇಕು. ಎಕ್ಸ್‌ಪೋಜರ್ (ಕ್ಯಾಮೆರಾ ತಗೊಳ್ಳೂ ಬೆಳಕಿನ ಅಳತಿ) ಲಾಕ್ ಮಾಡ್ರಿ, ಆಟೋ ಬಿಟ್ರ ನಟ ಅತ್ತಿತ್ತ ಸರದಂಗ ಬೆಳಕು ಏರಿ ಇಳಿದು ಮಾಡತೈತಿ.

ನಮ್ಮ ಕರೆಂಟ್ 50 ಹರ್ಟ್ಸ್. ಅಗ್ಗದ ಎಲ್‌ಇಡಿ ಬಲ್ಬು ಕಣ್ಣಿಗೆ ಕಾಣದಂಗ ಸೆಕೆಂಡಿಗೆ 100 ಸಲ ಮಿನುಗತಾವ. ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ) 25, ಶಟರ್ (ಒಂದೊಂದು ಚಿತ್ರಕ್ಕ ಬೆಳಕು ಬೀಳೂ ಹೊತ್ತು) 1/50 ಸೆಕೆಂಡ್ ಇಟ್ರ ಚಿತ್ರದ ಮ್ಯಾಲೆ ಪಟ್ಟಿ ಓಡಂಗಿಲ್ಲ. ಫೋನಿನ್ಯಾಗ 30 ಇಟ್ಟು ಶಟರ್ ಆಟೋ ಬಿಟ್ರ ಗ್ವಾಡಿ ಮ್ಯಾಲೆ ಕರೀ ಪಟ್ಟಿ ಏರತಾವ, ಎಡಿಟಿಂಗ್‌ನ್ಯಾಗ ತಗಿಯೂದು ಭಾಳ ಕಷ್ಟ.

ಹೊಗಿಗೆ ಮಷಿನ್ ಬಾಡಿಗಿ ಬ್ಯಾಡ, ಲೋಬಾನ ಹಾಕ್ರಿ. 10 ಅಡಿಗೆ 10 ಅಡಿ ಖೋಲಿಗೆ ಒಂದು ಧೂಪದಾರತಿ ಕೆಂಡ, ಮ್ಯಾಲೆ ಎರಡು ಚಮಚ ಲೋಬಾನ. ಕಿಟಕಿ ಮುಚ್ಚಿ, ಫ್ಯಾನ್ ಆರ್ಸಿ, ಹತ್ತು ನಿಮಿಷ ಬಿಟ್ಟು ಒಂದು ರಟ್ಟು ಬೀಸಿ ಸಮ ಮಾಡ್ರಿ. ಹೊಗಿ ಹಿಂದಿನಿಂದ ಬೆಳಕು ಬಿದ್ರ ಕಾಣತೈತಿ, ಮುಂದಿನಿಂದ ಬಿದ್ರ ಬರೇ ಮಸುಕು. ಪ್ರತಿ ಶಾಟಿಗೂ ಅಷ್ಟ ಹೊಗಿ ಇರಬೇಕು, ಇಲ್ಲಂದ್ರ ಜೋಡಿಸಿದಾಗ ಒಂದರಾಗ ಮಂಜು, ಇನ್ನೊಂದರಾಗ ಬಯಲು. ಉಬ್ಬಸ ಇದ್ದವರನ್ನ ಆ ಖೋಲಿಯಾಗ ನಿಂದ್ರಿಸಬ್ಯಾಡ್ರಿ. ಶಾಟಿನ ನಡುವ ಬಾಗಿಲ ತಗೀರಿ, ಕೆಂಡ ಹೊರಗ ಇಡ್ರಿ.

ಇನ್ನ ಕಣ್ಣು. ದೆವ್ವದ ಪಾತ್ರಕ್ಕ ಬಿಳಿ ಲೆನ್ಸ್ ತರಸ್ತಾರ. ಈವಿಲ್ ಡೆಡ್‌ನ್ಯಾಗ ಹಾಕಿದ್ದ ದಪ್ಪ ಲೆನ್ಸನ್ನ ಒಂದ್ ಸಲಕ್ಕ ಸುಮಾರು 15 ನಿಮಿಷದ ಮ್ಯಾಲೆ ಇಟ್ಕೊಳ್ಳಾಕ ಆಗ್ತಿರಲಿಲ್ಲ. ಕಣ್ಣಿನ ಡಾಕ್ಟರ್ ಇಲ್ಲದ ಅದರ ತಂಟಿಗೆ ಹೋಗಬ್ಯಾಡ್ರಿ. ಜೀವಂತ ಕಣ್ಣಾಗ ಒಂದು ಬೆಳಕಿನ ಚುಕ್ಕಿ ಇರತೈತಿ. ಲೈಟ್ ಮ್ಯಾಲೆ ಏರಿಸಿ, ಹುಬ್ಬಿನ ನೆರಳು ಕಣ್ಣಿಗೆ ಬೀಳೂವಂಗ ಮಾಡಿ ಆ ಚುಕ್ಕಿ ತಗದ್ರ ಸಾಕು, ಮನಷ್ಯಾನ ಕಣ್ಣು ಹೆಣದ ಕಣ್ಣಾಗತೈತಿ. ಖರ್ಚು ಏನೂ ಇಲ್ಲ.

ಅಗಲಮಸೂರ

ಕ್ಯಾಮೆರಾ ಬಗ್ಗೆ ಎರಡು ಮಾತು. ಕಾಡಿನಿಂದ ಕಾಣದ ಪಿಶಾಚಿ ಓಡಿ ಬರೋ ಶಾಟಿಗೆ ರೈಮಿ ತಂಡ ಕ್ಯಾಮೆರಾವನ್ನ ಉದ್ದ ಹಲಗೆಯ ನಡುವೆ ಬಿಗಿದು, ಎರಡೂ ತುದಿ ಹಿಡ್ಕೊಂಡು ಇಬ್ಬರು ಓಡಿದ್ರು. ಒಬ್ಬರ ಹೆಜ್ಜೆಯ ಕುಲುಕಾಟ ಹಲಗೆಯ ಉದ್ದಕ್ಕೆ ಹಂಚಿಹೋಗಿ, ನಡುವೆ ಇರೋ ಕ್ಯಾಮೆರಾಗೆ ಕಡಿಮೆ ತಗಲುತ್ತೆ. ಅದಕ್ಕೇ ಆ ಓಟ ತೇಲಿದ ಹಾಗೂ ಇರುತ್ತೆ, ಒರಟಾಗೂ ಇರುತ್ತೆ.

ಫೋನಿಗೆ 5 ಅಡಿ ಉದ್ದದ ಹಲಗೆ ಸಾಕು. 0.5 ಅಗಲ ಲೆನ್ಸು, ನೆಲದಿಂದ ಒಂದಡಿ ಎತ್ತರ. ನೆಲಕ್ಕೆ ಹತ್ತಿರ ಇದ್ದಷ್ಟೂ ಹುಲ್ಲು, ಕಲ್ಲು ಪಕ್ಕದಲ್ಲಿ ಸರ್ರನೆ ಹೋಗಿ ವೇಗ ಎರಡರಷ್ಟು ಅನ್ನಿಸುತ್ತೆ. ಈ ಓಟ ಹಗಲಲ್ಲಿ ಅಥವಾ ಮುಸ್ಸಂಜೆಯಲ್ಲಿ ತೆಗೀರಿ. ರಾತ್ರಿಯಲ್ಲಿ ಫೋನಿನ ಸ್ಟೆಬಿಲೈಸೇಷನ್ (ಕುಲುಕಾಟ ತಗ್ಗಿಸೋ ವ್ಯವಸ್ಥೆ) ಚಿತ್ರವನ್ನ ಜೆಲ್ಲಿ ಥರ ಅಲುಗಿಸುತ್ತೆ, ಅಗಲ ಲೆನ್ಸಿಗೆ ಬೆಳಕೂ ಸಾಲಲ್ಲ. ಓಡೋ ದಾರಿಯನ್ನ ಮೊದಲು ನಡೆದು ನೋಡಿ ಗುಂಡಿ, ಬೇಲಿ ತಂತಿ ಗುರುತು ಹಾಕಿ.

ಒಬ್ಬನೇ ನಟ ಎರಡು ಪಾತ್ರ ಮಾಡೋದಕ್ಕೆ ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ ಅವರ 'ಬ್ಯಾಡ್ ಟೇಸ್ಟ್' ನೋಡಿ. ಗೆಳೆಯರ ಜೊತೆ ವಾರದ ರಜೆಗಳಲ್ಲಿ ಸುಮಾರು 4 ವರ್ಷ ತೆಗೆದ ಚಿತ್ರ ಅದು, ಹೊರಬಂದದ್ದು 1987ರಲ್ಲಿ. ಮುಖವಾಡಗಳನ್ನ ತಾಯಿಯ ಅಡುಗೆಮನೆ ಒಲೆಯಲ್ಲಿ ಬೇಯಿಸಿದ್ರು. ಅದರಲ್ಲಿ ಜಾಕ್ಸನ್ ಎರಡು ಪಾತ್ರ ಮಾಡಿದ್ದಾರೆ, ಗಡ್ಡ ಇರೋನು, ಇಲ್ಲದವನು. ಇಬ್ಬರೂ ಕಡಿದಾದ ಬಂಡೆಯ ಅಂಚಲ್ಲಿ ಹೊಡೆದಾಡ್ತಾರೆ. ಇಬ್ಬರೂ ಒಂದೇ ಫ್ರೇಮಿನಲ್ಲಿ ಇರಬೇಕಾದ ಅಗತ್ಯವೇ ಇಲ್ಲ ಅನ್ನೋದು ಅದರಿಂದ ಕಲಿಯೋ ಪಾಠ. ಒಬ್ಬ ಕೆಳಗೆ ನೋಡಿದ, ಕಟ್, ಇನ್ನೊಬ್ಬ ಮೇಲೆ ನೋಡಿದ. ನೋಟದ ದಿಕ್ಕು ಸರಿ ಇದ್ರೆ ಉಳಿದದ್ದನ್ನ ನೋಡೋರ ಮನಸ್ಸೇ ಜೋಡಿಸಿಕೊಳ್ಳುತ್ತೆ.

ಕತ್ತರಿ

ಎಡಿಟಿಂಗು, ಶಬ್ದ ಬಿಟ್ಟು ಹಾರರ್ ಕಾಮಿಡಿ ಇಲ್ಲ. ದುಡ್ಡು ಕಡಿಮೆ ಇದ್ರೆ ಕ್ಯಾಮೆರಾ ಬಾಡಿಗೆ ಬಿಡಿ, ಫೋನಲ್ಲೇ ತೆಗೀರಿ. ಮೈಕು, ರೆಕಾರ್ಡರ್ ಮಾತ್ರ ಒಳ್ಳೇದು ತಗೊಳ್ಳಿ. ಮಸುಕು ಚಿತ್ರವನ್ನ ಜನ ಒಪ್ಪಿಕೊಳ್ತಾರೆ, ಕೇಳದ ಮಾತನ್ನ ಒಪ್ಪಲ್ಲ.

ಬೆಚ್ಚಿಬೀಳಿಸೋ ಕ್ಷಣದ ಲೆಕ್ಕ ಹೀಗೆ. ಮಾತಿನ ಮಟ್ಟ ಎಡಿಟಿಂಗ್ ಸಾಫ್ಟ್‌ವೇರಿನ ಮೀಟರಿನಲ್ಲಿ (ಅಲ್ಲಿ ಸೊನ್ನೆಯೇ ಗರಿಷ್ಠ) ಮೈನಸ್ 12 ಡೆಸಿಬೆಲ್ ಸುತ್ತ ಇರಲಿ. ಬೆಚ್ಚೋಕೆ ಎರಡು ಸೆಕೆಂಡ್ ಮುಂಚೆ ಸಂಗೀತ ನಿಲ್ಲಿಸಿ, ಆದ್ರೆ ಪೂರ್ತಿ ಮೌನ ಬೇಡ, ಆ ಕೋಣೆಯದೇ ಗುಂಯ್‌ಗುಡುವ ಸದ್ದು ಉಳೀಲಿ. ಅದಕ್ಕಾಗಿ ಪ್ರತಿ ಜಾಗದಲ್ಲೂ ಎಲ್ಲರೂ ಸುಮ್ಮನಿದ್ದು 60 ಸೆಕೆಂಡ್ ಖಾಲಿ ಸದ್ದು ರೆಕಾರ್ಡ್ ಮಾಡ್ಕೊಳ್ಳಬೇಕು. ಪೂರ್ತಿ ಮೌನ ಬಂದ್ರೆ ಥಿಯೇಟರಿನಲ್ಲಿ ಸ್ಪೀಕರ್ ಕೆಟ್ಟಿದೆ ಅನ್ಕೊಳ್ತಾರೆ. ಆಮೇಲೆ ಹೊಡೆತ, ಮೈನಸ್ 3 ಹತ್ತಿರ. ಸದ್ದು ಚಿತ್ರಕ್ಕಿಂತ ಒಂದು ಫ್ರೇಮ್ ಮುಂದಿದ್ರೆ ಏಟು ಜೋರಾಗಿ ಬೀಳುತ್ತೆ. 25ರ ಲೆಕ್ಕದಲ್ಲಿ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್. ಚಿತ್ರದ ಹಿಂದೆ ಬಿದ್ರೆ ಏಟು ಸತ್ತುಹೋಗುತ್ತೆ.

ನಗುವಿನ ಕಟ್ ಬೇರೆ. ಪಾತ್ರ ಚೀರೋದನ್ನ ಪೂರ್ತಿ ಕೇಳಿಸಬೇಡಿ. ಚೀರಾಟ ಏರ್ತಾ ಇರುವಾಗಲೇ ಕತ್ತರಿಸಿ ಮರುದಿನ ಬೆಳಗ್ಗೆ ಅಡುಗೆಮನೆಯ ಮಿಕ್ಸಿ ಸದ್ದಿಗೆ ಹಾಕಿ. ಎರಡೂ ಸದ್ದಿನ ಶ್ರುತಿ ಹತ್ತಿರ ಇರಬೇಕು, ಆಗ ಮೊದಲು ಕಿವಿ ಮೋಸ ಹೋಗುತ್ತೆ, ಅರ್ಧ ಸೆಕೆಂಡ್ ಆದ್ಮೇಲೆ ತಲೆಗೆ ಹೊಳೆಯುತ್ತೆ. ಆ ಅರ್ಧ ಸೆಕೆಂಡಲ್ಲೇ ನಗು ಹುಟ್ಟೋದು.

ಇನ್ನೊಂದು: ಹೆದರಿಕೆ ಹತ್ತಿರದ ಶಾಟಲ್ಲಿ, ನಗು ದೂರದ ಶಾಟಲ್ಲಿ. ಇಬ್ಬರು ಕೂತು ಬಾಡಿಗೆ ಜಗಳ ಆಡ್ತಿದ್ದಾರೆ, ಹಿಂದೆ ಬಾಗಿಲಲ್ಲಿ ದೆವ್ವದ ಹೆಂಗಸು ನಿಂತಿದ್ದಾಳೆ, ಅವರಿಗೆ ಕಾಣ್ತಿಲ್ಲ. ಇಲ್ಲಿ ಕಟ್ ಮಾಡಲೇಬೇಡಿ, ಹತ್ತಿರಕ್ಕೂ ಹೋಗಬೇಡಿ, ಸಂಗೀತವೂ ಬೇಡ. ನೋಡೋರು ಅವಳನ್ನ ತಾವೇ ಹುಡುಕಿಕೊಳ್ಳಲಿ. ಹುಡುಕಿಕೊಳ್ಳೋಕೆ 4 ಸೆಕೆಂಡ್ ಬೇಕು, ಪಕ್ಕದವರಿಗೆ ಮೊಣಕೈ ತಿವಿಯೋಕೆ ಇನ್ನೊಂದು 3.

ಸದ್ದುಗಳು ತರಕಾರಿ ಬುಟ್ಟಿಯಲ್ಲೇ ಇವೆ. ಮೂಳೆ ಮುರಿಯೋಕೆ ಎಳೇ ಮೂಲಂಗಿ ಅಥವಾ ನುಗ್ಗೆಕಾಯಿ, ಮೈಕಿನಿಂದ ಒಂದು ಗೇಣು ದೂರದಲ್ಲಿ, ಒದ್ದೆ ಬಟ್ಟೆಯೊಳಗೆ ಸುತ್ತಿ ಮುರೀಬೇಕು. ಬಟ್ಟೆ ಇಲ್ಲದಿದ್ರೆ ಅಡುಗೆ ಮಾಡಿದ ಹಾಗೆ ಕೇಳುತ್ತೆ. ಚಾಕು ಇಳಿಯೋಕೆ ಹಣ್ಣಾದ ಕರ್ಬೂಜ. ಬಾಗಿಲಿನ ಕಿರ್ರ್ ಸದ್ದನ್ನ ಅರ್ಧ ವೇಗಕ್ಕೆ ಇಳಿಸಿದ್ರೆ ಪ್ರಾಣಿ ನರಳಿದ ಹಾಗಾಗುತ್ತೆ. ಗೆಜ್ಜೆ ಸದ್ದು ದಯವಿಟ್ಟು ಬೇಡ, ಅದು ಕೇಳಿದ ಕೂಡಲೇ ಮುಂದೇನು ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತೆ.

ರಾತ್ರಿಪಾಳಿ

ಎಲ್ಲ ಸರಿ, ಆದ್ರೆ ಇಷ್ಟೆಲ್ಲ ಲೆಕ್ಕ ಹಾಕಿದ್ರೆ ಆ ಒರಟುತನದ ಸೊಗಸು ಹೋಗಲ್ವಾ? ಮೈಕು ಕಾಣಿಸೋದು, ನಟ ಡೈಲಾಗ್ ಮರೆಯೋದು, ಇಂಥ ತಪ್ಪುಗಳಿಂದಲೇ ಜನ ಈ ಸಿನಿಮಾಗಳನ್ನ ಪ್ರೀತಿಸೋದು.

ಕತ್ತರಿ

ಒಪ್ಪಲ್ಲ ಸಾರ್. ಜಪಾನಿನ 'ಒನ್ ಕಟ್ ಆಫ್ ದಿ ಡೆಡ್' ತಗೊಳ್ಳಿ, 2017ರದ್ದು, ಶಿನಿಚಿರೋ ಉಎದಾ ನಿರ್ದೇಶನ. ಒಂದು ಫಿಲ್ಮ್ ಶಾಲೆಯ ಕಾರ್ಯಾಗಾರದಲ್ಲಿ ಸುಮಾರು 30 ಲಕ್ಷ ಯೆನ್‌ನಲ್ಲಿ ಆದದ್ದು, ಗಳಿಸಿದ್ದು 300 ಕೋಟಿ ಯೆನ್‌ಗೂ ಹೆಚ್ಚು. (ನೋಡದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.) ಮೊದಲ 37 ನಿಮಿಷ ಒಂದೇ ಶಾಟ್, ಅದರ ತುಂಬ ತಪ್ಪು: ಅರ್ಥವಿಲ್ಲದ ಮೌನ, ಯಾಕೋ ನೆಲಕ್ಕೆ ಬಿದ್ದು ಅಲ್ಲೇ ಉಳಿಯೋ ಕ್ಯಾಮೆರಾ, ಎಳೆದು ಎಳೆದು ಆಡೋ ಮಾತು. ನೋಡೋರಿಗೆ ಬೇಸರವೂ ಬರುತ್ತೆ. ಕೊನೇ ಭಾಗದಲ್ಲಿ ಆ ಒಂದೊಂದು ತಪ್ಪಿನ ಹಿಂದೆ ಕ್ಯಾಮೆರಾ ಆಚೆ ಏನಾಗ್ತಿತ್ತು ಅಂತ ತೋರಿಸಿದಾಗ ಹೊಟ್ಟೆ ಹಿಡಿದು ನಗ್ತಾರೆ. ಆ ತಪ್ಪುಗಳೆಲ್ಲ ಬರೆದು, ಅಳೆದು, ರಿಹರ್ಸಲ್ ಮಾಡಿ ಇಟ್ಟದ್ದು. ಅರಿಯದೆ ಆದ ತಪ್ಪು ಒಂದು ಸಲ ನಗಿಸಬಹುದು, ಇಡೀ ಸಿನಿಮಾವನ್ನ ಹೊರಲ್ಲ.

ರಾತ್ರಿಪಾಳಿ

ಆ ಸಿನಿಮಾದ ಮಟ್ಟಿಗೆ ಒಪ್ಪಿದೆ. ಆದ್ರೂ ರಬ್ಬರ್ ಕೈ ರಬ್ಬರ್ ಅಂತ ಗೊತ್ತಾದಾಗ ಬರೋ ಖುಷಿ ಬೇರೇನೇ, ಅದನ್ನ ಬಿಟ್ಟುಕೊಡಲ್ಲ.

ತೆರೆಮರೆ

ಆ ಖುಷಿ ನಿಜ. ಒಂದೇ ಷರತ್ತು: ರಬ್ಬರ್ ಕೈಯನ್ನ ನಟ ರಬ್ಬರ್ ಅಂತ ನೋಡಬಾರದು. ಸಿನಿಮಾದೊಳಗಿನ ಯಾರಿಗೂ ತಾವು ಕಾಮಿಡಿಯಲ್ಲಿ ಇದ್ದೀವಿ ಅಂತ ಗೊತ್ತಿರಬಾರದು, ದೆವ್ವಕ್ಕಂತೂ ಗೊತ್ತಿರಲೇಬಾರದು. ನಟ ಕ್ಯಾಮೆರಾ ಕಡೆ ನೋಡಿ ಕಣ್ಣು ಹೊಡೆದ ಕ್ಷಣ ಹೆದರಿಕೆ ಹೋಯ್ತು, ಅದರ ಹಿಂದೆ ನಗುವೂ ಹೋಗುತ್ತೆ.

ನಗಿಸೋಕೆ ದಾರಿ ಕಾಣದೆ ದಪ್ಪಗಿರೋರನ್ನ, ತೊದಲೋರನ್ನ, ಹೆಣ್ಣುವೇಷದ ಗಂಡಸನ್ನ ತಂದು ನಿಲ್ಲಿಸೋ ಚಾಳಿ ನಮ್ಮ ಎಲ್ಲ ಭಾಷೆಯಲ್ಲೂ ಇದೆ. ಅದನ್ನ ನೋಡಿದಾಗೆಲ್ಲ ಸಂಕಟ ಆಗುತ್ತೆ. ಬರೆಯೋರು ಕಥೆಯಿಂದ ನಗು ತೆಗೆಯೋ ಕಷ್ಟ ಪಡಲಿಲ್ಲ ಅಂತಲೇ ಅರ್ಥ.

ನಾಳೆ_ಬಾ_ಗೋಡೆ

ಕಥೆಯ ವಿಷಯ ಬಂದದ್ದಕ್ಕೆ ಹೇಳ್ತೀನಿ. ಕಡಿಮೆ ದುಡ್ಡಿನ ದೆವ್ವಕ್ಕೆ ಬೇಕಾದ್ದು ಒಂದೇ ಒಂದು ನಿಯಮ. ಬೆಂಗಳೂರಿನ 'ನಾಳೆ ಬಾ' ಅದಕ್ಕೆ ಮಾದರಿ. 1990ರ ದಶಕದಲ್ಲಿ ಹಬ್ಬಿದ ಮಾತು: ರಾತ್ರಿ ಬಾಗಿಲು ಬಡಿಯುತ್ತೆ, ಮನೆಯವರ ಧ್ವನಿಯಲ್ಲೇ ಕರೆಯುತ್ತೆ, ಬಾಗಿಲು ತೆಗೆದ್ರೆ ಮುಗೀತು. ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆದಿದ್ರೆ ಓದಿ ಹೋಗುತ್ತೆ, ಮರುದಿನ ಬಂದಾಗಲೂ ಅದೇ ಬರಹ. ಎಷ್ಟು ಚೆಂದದ ನಿಯಮ ನೋಡಿ. ಆ ದೆವ್ವಕ್ಕೆ ಕನ್ನಡ ಓದೋಕೆ ಬರುತ್ತೆ, ಹೇಳಿದ ಮಾತು ಕೇಳುತ್ತೆ, ದಿನದ ಲೆಕ್ಕ ಮಾತ್ರ ಇಲ್ಲ. ಭಯ, ನಗು ಎರಡೂ ಆ ಎರಡು ಪದದಲ್ಲೇ ಇದೆ. 2018ರ ಹಿಂದಿ 'ಸ್ತ್ರೀ' ಈ ನಂಬಿಕೆಯನ್ನೇ ಎತ್ತಿಕೊಂಡು ಮಧ್ಯಪ್ರದೇಶದ ಚಂದೇರಿಯಲ್ಲಿ ಇಟ್ಟಿತು.

ನಿಯಮ ಒಂದು ಸಾಲಲ್ಲಿ ಹೇಳೋಕೆ ಬರಬೇಕು, ಮೊದಲ ಹತ್ತು ನಿಮಿಷದಲ್ಲಿ ಒಂದು ಪಾತ್ರ ಅದನ್ನ ಹೇಳಿಬಿಡಬೇಕು. ಆಮೇಲೆ ಮೂರು ಸಲ ಬಳಸಿ. ಮೊದಲ ಸಲ ಅದು ನಿಜ ಅಂತ ತೋರಿಸೋಕೆ. ಎರಡನೇ ಸಲ ಯಾರೋ ತಪ್ಪಾಗಿ ಬಳಸೋಕೆ: 'ನಾಳೆ ಬಾ' ಬದಲು ಅವಸರದಲ್ಲಿ 'ನಾಳೆ ಬಾರದು' ಅಂತ ಬರೆದ್ರೆ? ಮೂರನೇ ಸಲ ನೋಡೋರು ಊಹಿಸದ ರೀತಿ. ನಡುವೆ ಹೊಸ ನಿಯಮ ಸೇರಿಸಿದ್ರೆ ಹೆದರಿಕೆ ಸಡಿಲಾಗುತ್ತೆ, ಯಾಕಂದ್ರೆ ಬರೆಯೋರು ಬೇಕಾದ್ದು ಮಾಡ್ತಾರೆ ಅನ್ನೋದು ನೋಡೋರಿಗೆ ಗೊತ್ತಾಗಿಬಿಡುತ್ತೆ.

ಬಾಗಿಲ ಬರಹ ಸೀಮೆಸುಣ್ಣದಲ್ಲಿ ಬರೆದ್ರೆ ರಾತ್ರಿ ಶಾಟಲ್ಲಿ ಮಾಸಿ ಕಾಣುತ್ತೆ. ಗೋಡೆಗೆ ಬಳಿಯೋ ಸುಣ್ಣವನ್ನ ಮೊಸರಿನ ಹದಕ್ಕೆ ಕಲಸಿ, ಒಂದು ಗೇಣು ಎತ್ತರದ ಅಕ್ಷರ ಬರೀರಿ, ಕಪ್ಪು ಅಥವಾ ಕಂದು ಬಾಗಿಲ ಮೇಲೆ.

ಹೊಸಬ_ಹಾಸನ

ತುಂಬಾ ಉಪಕಾರ ಆಯ್ತು ಎಲ್ಲರಿಂದ. ನಮ್ಮದು 12 ನಿಮಿಷದ ಕಥೆ, ಬಾಡಿಗೆ ಮನೆಯ ನಾಲ್ವರು, ಆತ್ಮ ಕರೆಯೋ ಆಟ. ಹಲಗೆ ಮೇಲೆ ಬರೆದ ಅಕ್ಷರಗಳ ಕಡೆಗೆ ಲೋಟ ತಾನಾಗಿ ಸರಿಯಬೇಕು. ಕಂಪ್ಯೂಟರಲ್ಲಿ ಮಾಡೋಕೆ ದುಡ್ಡಿಲ್ಲ. ದಾರ ಕಟ್ಟಿ ಎಳೆದ್ರೆ ಲೋಟ ಬಿದ್ದುಹೋಗುತ್ತೆ.

ಅಗಲಮಸೂರ

2023ರ ಮಲಯಾಳಂ 'ರೋಮಾಂಚಂ' ನೋಡಿದ್ದೀರಾ? ಕಥೆ ನಡೆಯೋದು ಬೆಂಗಳೂರಿನ ಒಂದು ಬಾಡಿಗೆ ಮನೆಯಲ್ಲಿ, ಬ್ಯಾಚುಲರ್ ಹುಡುಗರು ಕೇರಂ ಬೋರ್ಡನ್ನೇ ಆತ್ಮ ಕರೆಯೋ ಹಲಗೆ ಮಾಡ್ಕೊಳ್ತಾರೆ. ಅಷ್ಟೇ ಸಾಮಾನು, ಉಳಿದದ್ದೆಲ್ಲ ಮುಖಗಳ ಮೇಲೆ ನಡೆಯುತ್ತೆ. ನಿಮ್ಮದು ಅದರ ನೆರಳಾಗದ ಹಾಗೆ ಆಟವನ್ನ ಬೇರೆ ಮಾಡಿಕೊಳ್ಳಿ, ಸಾಮಾನಿನ ಯುಕ್ತಿ ಮಾತ್ರ ಹೇಳ್ತೀನಿ.

ತೆಳು ಪ್ಲೈವುಡ್ ಹಲಗೆ, 4ರಿಂದ 6 ಎಂಎಂ. ಕೇರಂ ಬೋರ್ಡು ಆದ್ರೆ ಅಗ್ಗದ ತೆಳು ಬೋರ್ಡೇ ಬೇಕು, ದಪ್ಪ ಟೂರ್ನಮೆಂಟ್ ಬೋರ್ಡಿನ ಮೂಲಕ ಅಯಸ್ಕಾಂತದ ಎಳೆತ ದಾಟಲ್ಲ. ಹಲಗೆ ಕೆಳಗೆ 20 ಎಂಎಂ ಅಗಲ, 5 ಎಂಎಂ ದಪ್ಪದ ನಿಯೋಡಿಮಿಯಂ ಅಯಸ್ಕಾಂತ (ಸಣ್ಣದಾದ್ರೂ ತುಂಬಾ ಬಲವಾದದ್ದು), ಅದನ್ನ ಒಂದು ಅಡಿಯ ಮರದ ಪಟ್ಟಿಯ ತುದಿಗೆ ಅಂಟಿಸಿ. ಲೋಟ ಹಗುರದ ಪ್ಲಾಸ್ಟಿಕ್ ಆಗಿರಲಿ. ಅಡುಗೆಮನೆಯ ಸ್ಟೀಲ್ ಲೋಟಗಳು ಹೆಚ್ಚಿನವು ಅಯಸ್ಕಾಂತಕ್ಕೆ ಅಂಟಲ್ಲ, ಅಲ್ಲೇ ಎಲ್ಲರೂ ಮೋಸ ಹೋಗೋದು. ಲೋಟವನ್ನ ಬೋರಲು ಹಾಕಿ, ಅಂಚಿಗೆ ಒಂದು ಕಬ್ಬಿಣದ ವಾಷರ್ ಅಂಟಿಸಿ, ನೆಲಕ್ಕೆ ತಾಗೋ ಕಡೆ ಸೆಲ್ಲೋಟೇಪು. ಹಲಗೆ ಮೇಲೆ ಕೇರಂ ಪೌಡರ್ ಚಿಟಿಕೆ ಉದುರಿಸಿ ಬಟ್ಟೆಯಲ್ಲಿ ಸವರಿ. ಜಾಸ್ತಿ ಆದ್ರೆ ಲೋಟದ ಹಿಂದೆ ಗೆರೆ ಮೂಡುತ್ತೆ.

ಹಲಗೆಯನ್ನ ನಾಲ್ಕು ಇಟ್ಟಿಗೆ ಮೇಲೆ ಎತ್ತರಿಸಿ ಇಡಿ, ಅಂಚಿಗೆ ಬೆಡ್‌ಶೀಟ್ ಇಳಿಬಿಡಿ, ಒಬ್ಬರು ಪಕ್ಕದಿಂದ ಕೈ ತೂರಿಸಿ ಪಟ್ಟಿ ಆಡಿಸಲಿ. ಅವರಿಗೆ ಮೇಲೆ ಏನೂ ಕಾಣಲ್ಲ, ಹಾಗಾಗಿ ಹಲಗೆಯ ಕೆಳಮೈ ಮೇಲೂ ಅದೇ ಅಕ್ಷರಗಳನ್ನ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಗುರುತು ಹಾಕಿ, ಸಣ್ಣ ಟಾರ್ಚ್ ಕೊಡಿ. ಶೂಟಿಂಗ್ ವೇಳೆ ಫೋನನ್ನ ಅಯಸ್ಕಾಂತದಿಂದ ದೂರ ಇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಆ ಕೆಲಸಕ್ಕೆ ಬೇಡ. ಚಿಕ್ಕ ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಿ, ನುಂಗಿದ್ರೆ ಜೀವಕ್ಕೇ ಅಪಾಯ.

ಲೋಟ ಒಂದೇ ವೇಗದಲ್ಲಿ ಸರಿದ್ರೆ ಯಂತ್ರ ಅನ್ನಿಸುತ್ತೆ. ಸ್ವಲ್ಪ ಸರಿಯಲಿ, ನಿಲ್ಲಲಿ, ಯೋಚನೆ ಮಾಡಿದ ಹಾಗೆ ಒಂದು ಕ್ಷಣ ನಡುಗಲಿ, ಆಮೇಲೆ ಸರ್ರನೆ ಹೋಗಲಿ. ಆ ನಡುಗುವಿಕೆಗೆ ಮಣಿಕಟ್ಟು ಆಡಿಸೋ ಅಭ್ಯಾಸ ಒಂದು ಗಂಟೆ ಬೇಕು.

ಹುಬ್ಬಳ್ಳಿ_ಬೆಳಕು

ಹಲಗಿ ಮ್ಯಾಲೆ ಮೇಣಬತ್ತಿ ಇಟ್ರ ಬೆಡ್‌ಶೀಟಿನಿಂದ ಒಂದೂವರಿ ಅಡಿ ದೂರ ಇಡ್ರಿ, ಬಕೀಟ್‌ನ್ಯಾಗ ನೀರು ಪಕ್ಕಕ್ಕ ಇರಲಿ.

ಬಣ್ಣದಡಬ್ಬಿ

ಎಷ್ಟು ರಾತ್ರಿ ಇಟ್ಕೊಂಡಿದ್ದೀರಿ?

ಹೊಸಬ_ಹಾಸನ

ಎರಡು.

ಬಣ್ಣದಡಬ್ಬಿ

ಮೂರು ಇಟ್ಕೊಳ್ಳಿ. ಒಂದು ರಾತ್ರಿಗೆ ಹತ್ತು, ಹನ್ನೆರಡು ಶಾಟು ನೆಮ್ಮದಿಯಾಗಿ ಆಗುತ್ತೆ, ಅದಕ್ಕಿಂತ ಜಾಸ್ತಿ ಇಟ್ರೆ ಕೊನೇ ನಾಲ್ಕು ಶಾಟು ಎಡಿಟಿಂಗಲ್ಲಿ ಬಿದ್ದುಹೋಗುತ್ತವೆ. ಮೊದಲ ರಾತ್ರಿ ರಕ್ತ ಇಲ್ಲದ ಸೀನು, ಮಾತಿನ ಸೀನು. ಲೋಟದ ಸೀನು ಎರಡನೇ ರಾತ್ರಿ, ಊಟಕ್ಕೆ ಮುಂಚೆ, ಎಲ್ಲರ ಕೈ ಕಣ್ಣು ಚುರುಕಾಗಿರುವಾಗ. ರಕ್ತ ಮೂರನೇ ರಾತ್ರಿ, ಅದೂ ಕೊನೆಗೆ. ಮಧ್ಯರಾತ್ರಿ ಒಂದು ಗಂಟೆಗೆ ಬಿಸಿ ಊಟ ಬರೋ ಹಾಗೆ ಮಾಡಿ. ಮೈಕಿಗೆ ತೆಗೆದಿಟ್ಟ ದುಡ್ಡು ಬಿಟ್ರೆ ಮುಂದಿನ ದುಡ್ಡು ಊಟಕ್ಕೇ ಹೋಗಬೇಕು.

ವಾಷರ್ ಅಂಟಿಸೋಕೆ ಫೆವಿಕ್ವಿಕ್ ಬೇಡ, ಪ್ಲಾಸ್ಟಿಕ್ ಬೆಳ್ಳಗಾಗಿ ಹತ್ತಿರದ ಶಾಟಲ್ಲಿ ಕಾಣುತ್ತೆ. ಎರಡು ಟ್ಯೂಬಿನದನ್ನ ಕಲಸಿ ಹಚ್ಚೋ ಎಪಾಕ್ಸಿ ಅಂಟು ತಂದು, ಹಿಂದಿನ ದಿನವೇ ಅಂಟಿಸಿ ರಾತ್ರಿಯಿಡೀ ಒಣಗೋಕೆ ಬಿಡಿ. ಎರಡು ಲೋಟ ಮಾಡಿಟ್ಟುಕೊಳ್ಳಿ.